ರಾತ್ರಿ ಹಾಲು

ನೀಲಿ ದೀಪದ ಕೆಳಗ ಮಲಗೇತಿ
ದುರಗವ್ವನ ಕೂಸು, ಒಂದು ಕಿಲೋ ಆರನೂರು ಗ್ರಾಂ.
ಕಾಮಣಿ ಇಳೀಲಿ ಅಂತ ಬೆಳಕು,
ಕಣ್ಣಿಗೆ ಬಡೀಬಾರದಂತ ಕರೇ ಪಟ್ಟಿ.
ಅದಕ್ಕ ಪಟ್ಟಿ ಕಟ್ಟಿದಾಕಿ ನಾನು.
ನನಗ ಯಾರು ಕಟ್ಟಬೇಕು?

ನವನಗರದ ದವಾಖಾನಿ, ಮೂರನೇ ಮಜಲಿ,
ಸಾಲು ಹಿಡಿದು ಇದು ಹನ್ನೊಂದನೇ ರಾತ್ರಿ ಪಾಳಿ.
ಗಡಿಯಾರ ಗ್ವಾಡಿಮ್ಯಾಲ ಒಂದೈತಿ,
ಇನ್ನೊಂದು ನನ್ನ ಹಣಿ ಹಿಂದ,
ಹುಟ್ಟಿದಾಗಿಂದ ಕೀಲಿ ಕೊಡದಽ ನಡದದ್ದು.
ಎರಡೂ ಒಂದಽ ತಾಸು ತೋರಸೂದಿಲ್ಲ.

ದೊಡ್ಡ ಡಾಕ್ಟರು ಹೇಳಿದ್ರು ಒಮ್ಮೆ, ಚಾ ಕುಡಕೋತ:
"ಇವಕ್ಕ ಹೊತ್ತು ಗೊತ್ತಿಲ್ಲ, ಕಸ್ತೂರಿ.
ಹೊಟ್ಟ್ಯಾಗಿದ್ದಾಗ ತಾಯಿದಽ ಹಗಲು, ತಾಯಿದಽ ರಾತ್ರಿ.
ಅವಸರ ಮಾಡಿ ಹೊರಗ ಬಂದಾವು,
ಇನ್ನ ನಾವಽ ಕಲಸಬೇಕು."
ಅವತ್ತಿಂದ ಎಂಟಕ್ಕ ಟ್ಯೂಬ್‌ಲೈಟ್ ಆರಸ್ತೀವಿ,
ಗಾಜಿನ ಪೆಟಗಿ ಮ್ಯಾಲ ಬಟ್ಟಿ ಹೊಚ್ಚತೀವಿ,
ಬೈಯೂದಿದ್ರೂ ಪಿಸುಮಾತಿನ್ಯಾಗ.

ದುರಗವ್ವನ ಅತ್ತಿ ಗುಳೇದಗುಡ್ಡದಿಂದ ಖಣ ತಂದಾಳ,
ನೀಲಿ ದೀಪ ತಗದ ಮ್ಯಾಲ ಹೊಚ್ಚಾಕ.
"ಕತ್ತಲಾದರೂ ಚಂದ ಇರ್ಲೆವ್ವಾ" ಅಂದಳು.

ಹಾಲಿನ ಮಾತು ಬ್ಯಾರೆ.
ನಡುರಾತ್ರಿ ತಾಯಿ ಹಿಂಡಿದ ಹಾಲಿನ್ಯಾಗ
ನಿದ್ದಿ ಕರಗಿರತೈತಿ ಅಂತ, ಕಾಣದಂಗ.
ಹಗಲ ಹಾಲಿನ್ಯಾಗ ಅದು ಭಾಳ ಕಡಿಮಿ.
ಅದಕ್ಕಽ ಬಾಟಲಿಗೆಲ್ಲ ಚೀಟಿ ಹಚ್ಚತೀನಿ:
ಹೆಸರು, ತಾರೀಖು, ತಾಸು,
ಹಗಲಿಗೆ ಸೂರ್ಯಾನ ಚಿತ್ರ, ರಾತ್ರಿಗೆ ಚಂದ್ರಾಂದು,
ಓದು ಬರದ ಆಯಾಗೂ ತಿಳೀಲಿ ಅಂತ.

ಮೊನ್ನೆ, ನಾಕಕ್ಕ ಹತ್ತು ಮಿನಿಟ ಇರುವಾಗ
(ಆ ಹೊತ್ತಿನ್ಯಾಗ ಮೈ ಒಳಗಿಂದ ತಣ್ಣಗಾಗತೈತಿ,
ಸ್ವೆಟರ್ ಹಾಕ್ಕೊಂಡ್ರೂ ಹೋಗದ ಥಂಡಿ,
ಕಣ್ಣು ತೆರದಽ ಇರತಾವು,
ನೋಡೂದು ಮಾತ್ರ ನಿಂತಿರತೈತಿ)
ದುರಗವ್ವ ಆಗಷ್ಟೇ ಕೊಟ್ಟ ಬೆಚ್ಚನ ಬಾಟಲಿಗೆ
ಸೂರ್ಯಾನ್ನ ಬರದೆ.
ಕಿರಣ ಸುದ್ದಾ ಎಳದೆ, ಎಂಟೂ.
ಫ್ರಿಜ್ಜಿನ ಬಾಗಿಲಾ ಹಾಕೂದ್ರಾಗ
ಕೈ ನಿಂತಿತು.

ಹಾಲಿನ ಚೀಟಿ ಅಷ್ಟಽ. ಯಾರೂ ಸಾಯೂದಿಲ್ಲ ಅದಕ್ಕ.
ಆದ್ರ ಅದಽ ಕೈ, ಅದಽ ತಾಸಿನ್ಯಾಗ
ಸಿರಿಂಜಿನ್ಯಾಗ ಅರ್ಧ ಹನಿ ಅಳೀತೈತಿ.
ಬಾಜೂ ವಾರ್ಡಿನ ರಹಮತಬೀನ್ನ ಕರದೆ:
"ಇವತ್ತ ನಾ ಅಳದದ್ದೆಲ್ಲಾ ನೀ ಒಮ್ಮಿ ನೋಡು."
ಆಕಿ ಏನೂ ಕೇಳಲಿಲ್ಲ.
ಒಂದೊಂದಕ್ಕೂ ಬಟ್ಟ ಇಟ್ಟು ಓದಿದಳು.

ಮುಂಜಾನೆ ಎಂಟಕ್ಕ ಹೊರಗ ಬಂದ್ರ
ಹಿನ್ನೀರಿನ ಕಡೆ ಸೂರ್ಯ ಎರಡಾಗ್ಯಾನ,
ಮ್ಯಾಲೊಬ್ಬ, ನೀರಾಗೊಬ್ಬ,
ಇಬ್ಬರೂ ಕೂಡಿ ಒದರತಾರ: ಏಳು, ಏಳು.
ಕರೇ ಚಶ್ಮಾ ಹಾಕ್ಕೊಂಡು ಟಮ್‌ಟಮ್ ಏರಿದ್ರ
"ಹೀರೋಯಿನ್ ಬಂದ್ರಪಾ, ಜಾಗಾ ಬಿಡ್ರಿ" ಅಂತಾನ ಡ್ರೈವರ್ ಮುತ್ತಪ್ಪ.
ನಗತೀನಿ.
ಈ ಬೆಳಕು ಒಮ್ಮಿ ಕಣ್ಣೊಳಗ ಹೊಕ್ಕರ
ನನ್ನ ರಾತ್ರಿನ್ನ ಒದ್ದು ಓಡಸ್ತೈತಿ ಅಂತ
ಅವಗ ಹ್ಯಾಂಗ ಹೇಳೂದು?

ಮನ್ಯಾಗ ಕಿಟಕಿಗೆ ಕೌದಿ. ಕೌದಿಗೊಂದು ತೂತು.
ತೂತಿಂದ ಬಿದ್ದ ಬೆಳಕಿನ ರೂಪಾಯಿ
ಗ್ವಾಡಿಮ್ಯಾಲ ಹರದಾಡತೈತಿ,
ಹನ್ನೊಂದಕ್ಕ ಕ್ಯಾಲೆಂಡರ್ ಮ್ಯಾಲ,
ಹನ್ನೆರಡಕ್ಕ ಮಗಳ ಫೋಟೋದ ಮ್ಯಾಲ.
ಮೆಂತೆಪಲ್ಲೆ ಮಾರಾಕಿ ಕೂಗು, ಬಾಜೂಮನಿ ಕುಕ್ಕರ್.
ನಿದ್ದಿ ಬಾಗಿಲ ತನಕಾ ಬಂದು
ಚಪ್ಪಲಿ ಬಿಡಲಾರದಽ ತಿರಗಿ ಹೋಗತೈತಿ.

ಕೂಸು ಮನಿಗೆ ಹೋದ ದಿನ
ಅತ್ತಿ ಆ ಖಣ ನನ್ನ ಕೈಯಾಗ ಇಟ್ಟಳು.
"ಒಗದು ಕುಬಸಾ ಹೊಲಸ್ಕೋ" ಅಂದಳು.
ಹೊಲಸಲಿಲ್ಲ, ಒಗೀಲಿಲ್ಲ.
ಹಂಗಽ ಮಾರಿಮ್ಯಾಲ ಹೊಚಗೊಂಡು ಮಲಗಿದೆ.
ಸ್ವಲ್ಪ ಹಾಲಿನ ವಾಸನಿ ಇತ್ತು ಇನ್ನೂ.

ಐದು ತಿಂಗಳ ಮ್ಯಾಲ ಫೋನ್ ಬಂತು, ಮಧ್ಯಾಹ್ನ ಒಂದಕ್ಕ.
"ಅಕ್ಕಾರ, ಕೂಸು ಈಗ ರಾತ್ರಿ ಪೂರ್ತಿ ಮಲಗತೈತಿ ನೋಡ್ರಿ."
ಹೌದಾ, ಅಂದೆ.
"ಅಯ್ಯ, ನಿಮ್ಮನ್ನ ಎಬ್ಬಿಸಿದ್ನೇನ್ರಿ?"
ಇಲ್ಲವ್ವಾ ದುರಗವ್ವಾ,
ಎದ್ದಽ ಇದ್ದೆ.